ಸಿದ್ರಾಮಪ್ಪ ಕಾಕಾನ ದ್ವೀಪ

ಸಿದ್ರಾಮಪ್ಪ ಕಾಕಾ ಫೋನಿನಲ್ಲಿ ಮಾತಾಡುವಾಗ, ಇಷ್ಟು ದೊಡ್ಡ ದನಿಗೆ ಫೋನಾದರೂ ಯಾಕೆ ಬೇಕು ಎಂದು ನಮ್ಮ ಓಣಿಯವರು ನಗುತ್ತಿದ್ದರು. ನಮ್ಮ ಇಂಡಿ ಊರಿನ ಪೇಟೆಯಲ್ಲಿ ನಿಂಬೆಕಾಯಿ ಹರಾಜಿನ ಸವಾಲು ಕೂಗುವುದು ಅವರ ಕಸುಬು. ಅವರು ದರ ಏರಿಸತೊಡಗಿದರೆ ಗೇಟಿನಾಚೆ ಚಹಾ ಕುಡಿಯುತ್ತ ನಿಂತ ರೈತ ಅಲ್ಲಿಂದಲೇ ತನ್ನ ಮಾಲಿನ ಗತಿ ತಿಳಿದುಕೊಳ್ಳುತ್ತಿದ್ದ.

ಅವರ ಇನ್ನೊಂದು ಚಟ ಎಂದರೆ ಜನರನ್ನು ಕರೆಯುವುದು. ಎಲ್ಲಿಗೆ ಹೊರಟಿರಲಿ, ಎದುರು ಬಂದವರಿಗೆ "ನೀನೂ ಬಾ" ಎನ್ನದೆ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. "ಕರೀದ ಹ್ವಾದ್ರ ಮನಶ್ಯಾ ಏನ ತಿಳಕೊಂಡಾನು?" ಎಂಬುದು ಅವರ ಖಾಯಂ ಮಾತು. ಅಣ್ಣನ ಮಗನಿಗೆ ಹೆಣ್ಣು ನೋಡಲು ಸಿಂದಗಿಗೆ ಹೊರಟಾಗ, ದಾರಿಯಲ್ಲಿ ಸಿಕ್ಕ ಗುರುತಿನವರನ್ನೆಲ್ಲ ಟೆಂಪೋಕ್ಕೆ ಹತ್ತಿಸಿದರು. ಹೆಣ್ಣಿನ ಕಡೆಯವರು ದಿಬ್ಬಣವೇ ಬಂತೆಂದು ಗಾಬರಿಬಿದ್ದು ಮತ್ತೊಮ್ಮೆ ಅವಲಕ್ಕಿಗೆ ಒಗ್ಗರಣೆ ಹಾಕಿದರಂತೆ.

ಹೋದ ವರ್ಷ ಆ ದನಿ ಒಡೆಯಿತು. ಸೊಲ್ಲಾಪುರದ ಡಾಕ್ಟರು ಗಂಟಲು ನೋಡಿ, ಕೆಲವು ವಾರ ಒಂದು ಮಾತೂ ಆಡಬಾರದು, ಆಡಿದರೆ ದನಿ ಖಾಯಂ ಹೋಗುತ್ತದೆ ಎಂದರು. ಇಂಡಿಯಲ್ಲಿದ್ದುಕೊಂಡು ಬಾಯಿ ಮುಚ್ಚುವುದೇ! ಮನೆಯ ಕಟ್ಟೆಯ ಮುಂದೆ ಹಾಯುವವರೆಲ್ಲ "ಊಟಾ ಆತೇನ್ರಿ?" ಎನ್ನುತ್ತಾರೆ. ಉತ್ತರ ಕೊಡದಿದ್ದರೆ ಸಂಜೆಯೊಳಗೆ, ಸಿದ್ರಾಮಪ್ಪನಿಗೆ ಸೊಕ್ಕು ಬಂದಿದೆ ಎಂದು ಸುದ್ದಿಯಾಗುತ್ತದೆ.

ದಾರಿ ಹುಡುಕಿದವರು ಅವರ ಹೆಂಡತಿ, ನಮ್ಮೆಲ್ಲರ ಕಾಕು. ಮೊಬೈಲಿನಲ್ಲಿ ಲಕ್ಷದ್ವೀಪದ ಒಂದು ಸಣ್ಣ ದ್ವೀಪ ತೋರಿಸಿದರು. "ಇಲ್ಲಿ ಹೋಗೂಣು. ಬರೇ ತೆಂಗಿನ ಗಿಡ, ಬಿಳೇ ಉಸುಕು, ನೀರು. ಗುರುತಿನವರು ಒಬ್ಬರೂ ಇಲ್ಲ. ಅವರ ಮಾತ ನಿಮಗ ತಿಳಿಯಂಗಿಲ್ಲ, ನಿಮ್ಮದು ಅವರಿಗೆ ತಿಳಿಯಂಗಿಲ್ಲ."

ಕಾಕಾ ಕುಣಿದಾಡಿದರು. ಅಲ್ಲಿಗೇ ಎಡವಟ್ಟಾಯಿತು. ಸುಮ್ಮನಿರಲು ಹೋಗುವ ಸುದ್ದಿಯನ್ನು ಅವರಿಗೆ ಸುಮ್ಮನೆ ಇಟ್ಟುಕೊಳ್ಳಲಾಗಲಿಲ್ಲ. ದಿನಾ ಸಂಜೆ ಕಟ್ಟೆಯ ಮೇಲೆ ಕೂತು, ಹರಿದ ದನಿಯಲ್ಲೇ ಶುರು: "ಗದ್ದಲಾನ ಇಲ್ಲಂತ ತಮ್ಮಾ! ಗಾಡಿ ಇಲ್ಲ, ಹಾರ್ನ್ ಇಲ್ಲ. ಮೀನ ನೀರಾಗ ಹೊಳ್ಳಿದ್ರೂ ಕೇಳಸ್ತೈತಂತ!" ಆ ನಿಶ್ಶಬ್ದವನ್ನು ಬಣ್ಣಿಸಿ ಬಣ್ಣಿಸಿ ಕೆಮ್ಮು ಹತ್ತುತ್ತಿತ್ತು.

ಎದುರು ಮನೆಯ ಟೇಲರ್ ಬಸಣ್ಣ ಮುಖ ಸಣ್ಣ ಮಾಡಿ, "ನಮ್ಮನ್ನ ಬಿಟ್ಟ ಹೊಂಟ್ರೇನ್ರಿ?" ಎಂದ.

"ಛೇ ಛೇ, ನೀನೂ ಬಾ!"

ಮುಗಿಯಿತು. ವಾರದೊಳಗೆ ಅರ್ಧ ಓಣಿ ತಯಾರಾಯಿತು. ಖಡಕ್ ರೊಟ್ಟಿ ಎಷ್ಟು ಬಡಿಯಬೇಕು, ಶೇಂಗಾ ಹಿಂಡಿ ಯಾರು ಕುಟ್ಟಬೇಕು ಎಂದು ಹೆಂಗಸರು ಹಂಚಿಕೊಂಡರು. ಭಜನೆಯವರು ಹಾರ್ಮೋನಿಯಂ ಹಡಗಿನಲ್ಲಿ ಹೋಗುತ್ತದೋ ಇಲ್ಲವೋ ಎಂದು ಜಗಳಕ್ಕೆ ಬಿದ್ದರು. ನಾನೇನು ಕಡಿಮೆ? ಸಾಲಿ ಮಾಸ್ತರನಾದ ನನ್ನ ಸಲುವಾಗಿ ದಸರಾ ರಜೆಯಲ್ಲೇ ಹೋಗೋಣ ಎಂದು ಹಟ ಹಿಡಿದಿದ್ದೆ.

ಒಂದು ಸಂಜೆ ಕಾಕು ಚಹಾದ ತಾಟು ಹಿಡಿದು ಬಂದು ಎಲ್ಲರನ್ನೂ ದಿಟ್ಟಿಸಿದರು. "ಇಷ್ಟ ಮಂದಿ ಬಂದ್ರ ದ್ವೀಪ ಮುಳಗತೈತ್ರಿ."

ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕರು. ಆದರೆ ಅವರ ನಗೆಯಲ್ಲಿ ಗಾಳಿಯಷ್ಟೇ ಬಂತು, ದನಿ ಬರಲಿಲ್ಲ. ನಾನು ನಗುವುದನ್ನು ನಿಲ್ಲಿಸಿದೆ. ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ದಸರಾ ರಜೆ ಬಿದ್ದ ಮೇಲೆ ಒಂದು ಬೆಳಿಗ್ಗೆ ನಾನು ಚಡಚಣಕ್ಕೆ ಹೊರಟು ಬಸ್‌ಸ್ಟ್ಯಾಂಡಿಗೆ ಹೋದರೆ, ಕಾಕಾ ಮತ್ತು ಕಾಕು ಒಂದೇ ಒಂದು ಬ್ಯಾಗು ಇಟ್ಟುಕೊಂಡು ಕಂಬದ ಮರೆಯಲ್ಲಿ ನಿಂತಿದ್ದರು. ದ್ವೀಪಕ್ಕೆ ಹೋಗುವ ಪರವಾನಗಿ, ಟಿಕೆಟ್ಟು ಎಲ್ಲ ಕಾಕು ಗುಟ್ಟಾಗಿ ಮಾಡಿಸಿದ್ದರು. ನನ್ನನ್ನು ಕಂಡದ್ದೇ ಕಾಕಾನ ಮುಖ ಕಳವಿನಲ್ಲಿ ಸಿಕ್ಕಿಬಿದ್ದವರ ಮುಖದಂತಾಯಿತು. ಓಣಿಗೆ ಹೇಳದೆ, ಯಾರನ್ನೂ ಕರೆಯದೆ ಹೊರಟಿದ್ದರು. ಜನ್ಮದಲ್ಲಿ ಮೊದಲ ಸಲ. ಕಾಕು ಕಣ್ಣು ಕೆಂಪು ಮಾಡಿದರೂ ಕಾಕಾನ ಬಾಯಿ ತೆರೆಯತೊಡಗಿತು. ಏನು ಬರುತ್ತದೆಂದು ನನಗೆ ಗೊತ್ತಿತ್ತು.

ಗಡಬಡಿಸಿ ನಾನೇ ಮೊದಲು ಹೇಳಿದೆ: "ನನಗ ರಜಾ ಇಲ್ರಿ ಕಾಕಾ, ಬರಾಕ ಆಗಂಗಿಲ್ಲ. ನೀವು ಹೋಗಿ ಬರ್ರಿ."

ದಸರಾ ರಜೆ ಕಾಕಾನಿಗೆ ಗೊತ್ತಿಲ್ಲದ್ದೇ? ಬಾಯಿ ಮುಚ್ಚಿ, ನನ್ನ ಭುಜ ಗಟ್ಟಿಯಾಗಿ ಹಿಡಿದು ಬಿಟ್ಟು, ಬಸ್ ಹತ್ತಿದರು.

ಓಣಿ ಮುನಿಸಿಕೊಂಡಿತು. "ಒಂದ ಮಾತ ಹೇಳದ ಹ್ವಾದ್ರಲ್ಲ!" ಎಂದು ಬಸಣ್ಣ ಹೊಲಿಗೆ ಮಷೀನಿನ ಮೇಲೆ ಸಿಟ್ಟು ತೀರಿಸಿಕೊಂಡ. ಪೇಟೆಯಲ್ಲಿ ಬೇರೆ ಯಾರೋ ಸವಾಲು ಕೂಗುತ್ತಿದ್ದರು; ರೈತರಿಗೆ ಚಹಾ ಬಿಟ್ಟು ಒಳಗೆ ಹೋದರಷ್ಟೇ ದರ ತಿಳಿಯುತ್ತಿತ್ತು. ಸಂಜೆ ಕಾಕಾನ ಕಟ್ಟೆಯ ಮೇಲೆ ಕೂತರೆ ನಮಗ್ಯಾರಿಗೂ ಮಾತು ಹೊಳೆಯುತ್ತಿರಲಿಲ್ಲ. ಆ ಗದ್ದಲದ ಮನುಷ್ಯ ಇಲ್ಲದೆ ನನಗಂತೂ ಬಹಳ ಬೇಸರವಾಗಿತ್ತು.

ದ್ವೀಪದಲ್ಲಿ ಮಾತು ಬಿಟ್ಟು, ಡಾಕ್ಟರು ಹೇಳಿದಷ್ಟು ವಾರ ಮುಗಿದ ದಿನ ಕಾಕು ಫೋನು ಮಾಡಿದರು. "ಇಲ್ಲಿ ಮಂದಿ ಇವರನ್ನ ಮೂಕ ಅಂತ ತಿಳಿದು ದಿನಾ ಎಳನೀರು ತಂದ ಕೊಡಾಕತ್ತಾರ. ತಡಿ, ನಿನ್ನ ಕೂಡ ಮಾತಾಡಬೇಕಂತ."

ನಾನು ಕಿವಿಗೊತ್ತಿ ಹಿಡಿದೆ. ಮೊದಲು ನೀರಿನ ಸದ್ದು ಬಂತು. ಆಮೇಲೆ ಸಣ್ಣಗೆ, ಒಡಕಿಲ್ಲದೆ, ಸ್ವಚ್ಛವಾಗಿ ಕಾಕಾ.

"ಭಾಳ ಚಲೋ ಐತಿ ತಮ್ಮಾ. ನಮ್ಮವರಂಬೋರು ಒಬ್ಬರೂ ಇಲ್ಲ."

ಮತ್ತೆ ನೀರಿನ ಸದ್ದು, ಆಮೇಲೆ ಮತ್ತೆ ಕಾಕಾ.

"ನೀನೂ ಬಾ."