ಬಾಗಿಲು ಹಾಕಿ ಮಾಡಿದ ಟೆಸ್ಟ್

ಕೊರೊನಾ ಗಲಾಟೆ ತಣ್ಣಗಾದ ಮರುವರ್ಷ ನಾನು ಬಸವೇಶ್ವರನಗರದಲ್ಲಿ ಕಂಪ್ಯೂಟರ್ ಸರ್ವೀಸ್ ಸೆಂಟರ್ ನಡೆಸುತ್ತಿದ್ದೆ. ಹೆಸರಿಗಷ್ಟೇ ಸೆಂಟರ್. ಮಾಲೀಕ, ಇಂಜಿನಿಯರ್, ಕಸ ಗುಡಿಸುವವ ಎಲ್ಲ ನಾನೇ. ಹೆಂಡತಿ ತೀರಿಕೊಂಡ ಮೇಲೆ ಮನೆಗಿಂತ ಅಂಗಡಿಯೇ ಹಿತವಾಗಿತ್ತು. ಅಲ್ಲಿ ಕಂಪ್ಯೂಟರ್ ಫ್ಯಾನುಗಳಾದರೂ ಸದ್ದು ಮಾಡುತ್ತಿದ್ದವು.

ಆ ಬೇಸಿಗೆಯಲ್ಲಿ ನಾಗರಬಾವಿಯಿಂದ ಶಿವಲೀಲಾ ಎಂಬ ಹುಡುಗಿ ಆಟೋದಲ್ಲಿ ತನ್ನ ಕಂಪ್ಯೂಟರ್ ತಂದಳು. ಊರು ವಿಜಯಪುರದ ಕಡೆ. ಬಾಡಿಗೆ ಕೋಣೆಯಲ್ಲಿ ಕುಳಿತು ಡಾಕ್ಟರುಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡುವ ಕೆಲಸ. ಕೆಲಸದ ನಡುವೆ ಕಂಪ್ಯೂಟರ್ ದಿಢೀರನೆ ಆಫ್ ಆಗುತ್ತಿತ್ತು.

"ಇನ್ನೊಮ್ಮೆ ಫೈಲ್ ತಡಾ ಆದ್ರ ಕೆಲಸದಿಂದ ತಗೀತೀವಿ ಅಂದಾರ್ರಿ," ಎಂದಳು.

ನಾನು ಸ್ಟ್ರೆಸ್ ಟೆಸ್ಟ್ ಹಾಕಿದೆ. ಅಂದರೆ ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್ ಮೂಲಕ ಪ್ರೊಸೆಸರ್, ಮೆಮೊರಿಗಳಿಗೆ ಬೇಕೆಂದೇ ಸುಸ್ತಾಗುವಷ್ಟು ಕೆಲಸ ಕೊಟ್ಟು, ಎಲ್ಲಿ ಕುಸಿಯುತ್ತವೆ ಎಂದು ನೋಡುವುದು. ಇಡೀ ದಿನ ಓಡಿತು, ಕುಸಿಯಲೇ ಇಲ್ಲ. ವಾಪಸ್ ಕೊಟ್ಟ ಮರುದಿನವೇ ಮತ್ತೆ ಆಫ್. ನನಗೆ ಮೈ ಉರಿದುಹೋಯಿತು. ನಾನೇ ಅವಳ ಕೋಣೆಗೆ ಹೋದೆ.

ಅದು ಟೆರೇಸಿನ ಮೇಲಿನ ಶೀಟಿನ ಕೋಣೆ. ಮೆಟ್ಟಿಲಲ್ಲೇ ಮನೆ ಮಾಲೀಕಿ ತಡೆದರು. "ಗಂಡಸ್ರು ಬಂದ್ರೆ ಬಾಗ್ಲು ತೆಗ್ದಿರ್ಬೇಕು ಸಾರ್, ನಮ್ಮನೇಲಿ ರೂಲ್ಸು."

ಬಾಗಿಲು ತೆರೆದಿಟ್ಟೆವು. ಟೆಸ್ಟ್ ಮತ್ತೆ ಪಾಸ್.

"ನಾ ಒಬ್ಬಾಕಿನ ಇದ್ದಾಗಷ್ಟ ಹಿಂಗಾಗ್ತದ್ರಿ," ಎಂದಳು ಶಿವಲೀಲಾ.

"ಒಬ್ಳೇ ಇದ್ದಾಗ ಏನ್ಮಾಡ್ತೀಯಮ್ಮ?"

"ಬಾಗ್ಲಾ, ಕಿಟಕಿ ಎಲ್ಲಾ ಹಾಕ್ಕೊಂಡು ಕುಂದರ್ತೀನ್ರಿ. ಇಲ್ಲಿ ಯಾರೂ ಗುರುತಿಲ್ಲ, ಅಂಜಿಕಿ ಆಗ್ತದ."

ಆಗ ಹೊಳೆಯಿತು. ಟೆಸ್ಟ್ ಚಾಲೂ ಮಾಡಿ, ಎಂದಿನಂತೆ ಎಲ್ಲ ಮುಚ್ಚಿಕೊಳ್ಳಲು ಹೇಳಿ, ಕೆಳಗೆ ಗೇಟಿನ ಬಳಿ ನಿಂತು ಫೋನ್ ಹಿಡಿದೆ. ಒಳಗಿನಿಂದ ಅವಳು ಪ್ರೊಸೆಸರಿನ ತಾಪಮಾನ ಓದುತ್ತಿದ್ದಳು. ಎಪ್ಪತ್ತು ಡಿಗ್ರಿ, ಎಂಬತ್ತೈದು, ತೊಂಬತ್ತೆಂಟು. ಆಮೇಲೆ, "ಹೋತ್ರಿ ಸರ್." ಗಾಳಿಯಾಡದೆ ಕಾದ ಕೋಣೆಯಲ್ಲಿ ಪ್ರೊಸೆಸರ್ ಸುಟ್ಟುಹೋಗದಿರಲೆಂದು ಕಂಪ್ಯೂಟರ್ ತಾನಾಗಿ ಆಫ್ ಆಗುತ್ತಿತ್ತು. ಆ ಬಿಸಿಯಲ್ಲಿ ಹುಡುಗಿ ದಿನವಿಡೀ ಕೂರುತ್ತಿದ್ದಳಲ್ಲ ಎಂದು ನನಗೆ ಸಂಕಟವಾಯಿತು.

ಕಂಪ್ಯೂಟರಿಗೆ ದೊಡ್ಡ ಫ್ಯಾನ್ ಹಾಕಿದೆ. ತೆರೆದಿಟ್ಟರೂ ಹೊರಗಿನವರಿಗೆ ಒಳಗೆ ಕಾಣದಂತೆ ಕಿಟಕಿಗೆ ಒತ್ತಾದ ಜಾಲರಿ ಹೊಡೆಸಿದೆ. ನಾನು ಹೊರಗೆ ನಿಂತು, ಬಾಗಿಲು ಹಾಕಿಸಿ ಕಿಟಕಿಯಷ್ಟೇ ತೆರೆಸಿ ಮತ್ತೆ ಪರೀಕ್ಷಿಸಿದಾಗ ತಾಪ ಎಪ್ಪತ್ತೈದು ದಾಟಲಿಲ್ಲ. ಕೆಲಸ ಹೋಗುವ ಭಯ ಅವಳಿಗೆ ಇನ್ನಿರಲಿಲ್ಲ. ಯಂತ್ರವನ್ನು ಅದು ದುಡಿಯುವ ಜಾಗದಲ್ಲೇ, ದುಡಿಸುವವರು ಬದುಕುವ ರೀತಿಯಲ್ಲೇ ಪರೀಕ್ಷಿಸಬೇಕೆಂದು ಅಂದು ಕಲಿತೆ.

ಬಾಗಿಲು ತೆರೆದಳು. ನಾನು ಒಳಗೆ ಹೋಗಿ ಬ್ಯಾಗು ಎತ್ತಿಕೊಂಡೆ.

"ಇನ್ನೊಮ್ಮೆ ಟೆಸ್ಟ್ ಹಚ್ರಿ ಸರ್."

"ಪಾಸಾಯ್ತಲ್ಲಮ್ಮ."

"ಗೊತ್ತದರಿ. ಹಿಂಗ ಅಂಜಿಕಿ ಇಲ್ಲದ ಬಾಗ್ಲಾ ತಗದು ಕುಂತು ಭಾಳ ದಿನಾ ಆತು."

ನನಗೂ ಮನೆಗೆ ಹೋಗುವ ಅವಸರವಿರಲಿಲ್ಲ. ಬ್ಯಾಗು ಕೆಳಗಿಟ್ಟು ಟೆಸ್ಟ್ ಮತ್ತೆ ಹಾಕಿದೆ.