ಎಲ್ಲ ಕಡೆ ಬದಲಿಸು

ಶಿಕ್ಷಕರ ತರಬೇತಿಗೆ ನಾನು ಸೇರಿದ್ದು ತಡವಾಗಿ. ಮಗಳಾಗಲೇ ಶಾಲೆಗೆ ಹೋಗುತ್ತಿದ್ದಳು. ಎರಡು ಸಾವಿರದ ಇಸವಿಯ ಈಚೆಗಿನ ಮಾತು. ಬೇರೆ ಬೇರೆ ಊರಿನ ಇಬ್ಬಿಬ್ಬರನ್ನು ಜೋಡಿ ಮಾಡಿ, ಅವರವರ ಊರಿನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಒಂದೇ ಈಮೇಲ್ ಖಾತೆಯಲ್ಲಿ ಪಾಠ ಬರೆದು ತಿದ್ದಿರೆಂದರು. ಚೆನ್ನಾದ ಪಾಠ, ಬರೆದವರ ಹೆಸರಿನ ಸಮೇತ, ಸಿ.ಡಿ.ಯಲ್ಲಿ ಎಲ್ಲ ಶಾಲೆಗೂ ಹೋಗುವುದಿತ್ತು. ಮಗಳ ಶಾಲೆಗೂ. ನನಗೆ ಆ ಹೆಸರು ಬೇಕಿತ್ತು.

ನಾನು ಹಡಗಲಿಯವಳು, ನನ್ನ ಜೋಡಿ ಹರಪನಹಳ್ಳಿಯವನು. ತಿಂಗಳುಗಟ್ಟಲೆ ರೊಟ್ಟಿ ಬಡಿದಿಟ್ಟು ಅಂಗಡಿಗೆ ಹೋಗಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ನಮ್ಮ ಹೊಳೆಯ ಮೇಲೊಂದು ಪಾಠ ಬರೆದೆ. ಅವನು ಬರೆದದ್ದು ಕೊನೆಯ ಎರಡು ಪ್ರಶ್ನೆ. ಒಂದು ಪದವನ್ನು ಎಲ್ಲ ಕಡೆ ಒಮ್ಮೆಗೇ ಬದಲಿಸುವ ವಿದ್ಯೆಯನ್ನೂ ಅವನಿಗೆ ಫೋನಿನಲ್ಲಿ ಹೇಳಿಕೊಟ್ಟವಳು ನಾನೇ.

"ಅಕ್ಕಾ, ನಿಮ್ಮ ಕೈಯಾಗ ಜಾದೂ ಐತಿ ಬಿಡ್ರಿ," ಎಂದಿದ್ದ.

ಕೂಡ್ಲಿಗಿಯ ತರಬೇತಿ ಕೇಂದ್ರದಲ್ಲಿ ಎಲ್ಲರೆದುರು ಪಾಠ ತೋರಿಸುವ ಹಿಂದಿನ ದಿನ ಖಾತೆ ತೆರೆದೆ. ಪಾಠ ಆಗಲೇ ತರಬೇತಿಯ ಮೇಷ್ಟ್ರಿಗೆ ಹೋಗಿತ್ತು. ಪ್ರತಿ ಪುಟದ ಕೆಳಗೆ ನನ್ನ ಹೆಸರಿದ್ದಲ್ಲಿ ಅವನದು. ಮೈಯೆಲ್ಲ ಉರಿಯಿತು. ಪುಟದ ಮೇಲುಗಡೆ ಓದುತ್ತ ಓದುತ್ತ ಉರಿ ತಣ್ಣಗಾಯಿತು. ನಮ್ಮಜ್ಜಿ ನನಗಿಟ್ಟದ್ದು ಆ ಹೊಳೆಯ ಹೆಸರನ್ನೇ! ಎಲ್ಲ ಕಡೆ ಬದಲಿಸಿದವನು ಒಮ್ಮೆಯೂ ಓದಿ ನೋಡಿರಲಿಲ್ಲ.

ತಿದ್ದಿ ಕಳಿಸಲು ಐದು ನಿಮಿಷ ಸಾಕಿತ್ತು. ಕಂಪ್ಯೂಟರ್ ಆರಿಸಿ, ಸಂತೆಯಲ್ಲಿ ಬದನೆಕಾಯಿ ಆರಿಸಿಕೊಂಡು ಮನೆಗೆ ಬಂದೆ. ಅಂದಿನ ಎಣ್ಣೆಗಾಯಿ ಬಹಳ ರುಚಿಯಾಗಿತ್ತು.

ಮರುದಿನ ಪರದೆಯ ಮೇಲೆ ಪಾಠ ಬಂತು. "ಯಾರು ಓದ್ತೀರಿ?" ಎಂದರು ಮೇಷ್ಟ್ರು.

"ತಮ್ಮನ ಹೆಸರೈತಲ್ರಿ ಸರ್, ಅವನೇ ಓದ್ಲಿ. ದನಿ ಚಲೋ ಐತಿ," ಎಂದೆ.

ಎದೆಯುಬ್ಬಿಸಿ ಶುರುಮಾಡಿದ. ಅವನ ಹೆಸರು ಬೇಡ, ಇಂಥವನು ಎನ್ನೋಣ. "ಇಂಥವನು ನಮ್ಮೆಲ್ಲರ ತಾಯಿ. ಇಂಥವನು ಬೇಸಿಗೆಯಲ್ಲಿ ಸೊರಗುತ್ತಾಳೆ. ಮಳೆ ಬಂದರೆ ಇಂಥವನು ಮೈದುಂಬಿ..."

"ಲೇ, ನಿನ್ನ ದಂಡಿಗೆ ನಮ್ಮ ಎಮ್ಮಿ ಹೊಡಕಂಬರ್ಲೇನೋ?" ಎಂದ ಹಿಂದಿನಿಂದ ಕೊಟ್ಟೂರಿನವನು. ಕೋಣೆಯೆಲ್ಲ ನಗು.

"ಹೊಳಿ ಹೆಸರು ಎಲ್ಲಿ ಹೋತಪ?" ಎಂದ ಮೇಷ್ಟ್ರು ಹಾಜರಿ ಪುಸ್ತಕ ತೆರೆದರು. ಬೆರಳು ಹೊಳೆಯದೇ ಆದ ನನ್ನ ಹೆಸರಿನ ಮೇಲೆ ನಿಂತಿತು. "ಬರದಾಕಿ ನೀನೇನವ್ವ?"

"ಹೌದ್ರಿ."

ಕೊನೆಯ ಎರಡು ಪ್ರಶ್ನೆ ತನ್ನವೆಂದು ಅವನು ಗೊಣಗಿದ. ಅವನ ಮುಖ ನೋಡಲಾಗದೆ ಮೇಷ್ಟ್ರು ಮೆತ್ತಗಾದರು. "ಎರಡು ಪ್ರಶ್ನಿ ಅವನವೂ ಅದಾವಂತ. ಇಬ್ಬರ ಹೆಸರೂ ಹಾಕಾಣೇನು?"

ನ್ಯಾಯವಾಗಿ ನೋಡಿದರೆ ಹಾಕಬೇಕಿತ್ತು. "ಆ ಎರಡು ಪ್ರಶ್ನಿ ತಗದ ಬಿಡ್ತೀನ್ರಿ ಸರ್," ಎಂದೆ.

ಅಲ್ಲೇ ಕೂತು, ಅವನು ನೋಡುತ್ತಿದ್ದಂತೆಯೇ, ಒಂದೊಂದೇ ಅಕ್ಷರವಾಗಿ ಎರಡನ್ನೂ ಅಳಿಸಿದೆ.