ದೊರೆ ಬದಲಾದ ದ್ವೀಪವೂ ನಮ್ಮ ಮೇಷ್ಟ್ರೂ

ತಾತ್ಸಾರ ಬಂದಾಗ ಮೇಷ್ಟ್ರ ಕೆಳತುಟಿ ಎಡಕ್ಕೆ ವಾರೆಯಾಗುತ್ತಿತ್ತು. ಉಡುಪಿಯಲ್ಲಿ ಚರಿತ್ರೆ ಕಲಿಸಿ ನಿವೃತ್ತರಾಗಿ, ಆಸ್ಟ್ರೇಲಿಯಾದ ವೆರಿಬೀ ಊರಿನಲ್ಲಿದ್ದ ಮಗಳ ಮನೆಗೆ ಬಂದು ನೆಲೆಸಿದವರು. ನಮ್ಮ ಸಂಘದ ಶನಿವಾರದ ಕನ್ನಡ ತರಗತಿಯಲ್ಲಿ ನನ್ನ ಮಗಳೂ ಸೇರಿದಂತೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ‘ಒಪ್ಪಂದ’ ಎಂಬ ಪದ ಬಂದರೆ ಸಾಕು, ತುಟಿ ವಾರೆ. “ಇಬ್ಬರು ಕಳ್ಳರು ಜಗಳ ನಿಲ್ಲಿಸಿದ್ದಕ್ಕೆ ಇಟ್ಟ ಹೆಸರು ಮಕ್ಕಳೇ ಅದು,” ಎನ್ನುತ್ತಿದ್ದರು.

ಒಂದು ನವೆಂಬರಿನಲ್ಲಿ, ಮೊದಲ ಮಹಾಯುದ್ಧ ಮುಗಿದ ದಿನದ ನೆನಪಿಗೆ ಸಂಘದವರು ಸಮಾರಂಭ ಇಟ್ಟುಕೊಂಡರು. ಊರಿನ ಆಡಳಿತ ನಡೆಸುವ ಕೌನ್ಸಿಲ್‌ನ ಗಣ್ಯರೊಬ್ಬರು ಅತಿಥಿ. ಶಾಂತಿಯ ಬಗ್ಗೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಲು ಮೇಷ್ಟ್ರಿಗೆ ಹೇಳಿದ್ದರು. ಅವರು ನ್ಯೂಗಿನಿ ದ್ವೀಪದ ಕಥೆ ಹೇಳಿದರು. ಜರ್ಮನಿ ಸೋತಿತು, ಅದರ ವಶದಲ್ಲಿದ್ದ ಭಾಗ ಆಸ್ಟ್ರೇಲಿಯಾದ ಆಡಳಿತಕ್ಕೆ ಬಂತು, ಹಂಚಿಕೊಂಡವರು ಅಲ್ಲಿನವರನ್ನು ಒಂದು ಮಾತೂ ಕೇಳಲಿಲ್ಲ. “ತೋಟದ ಯಜಮಾನ ಬದಲಾದ. ಕೊಬ್ಬರಿ ಚೀಲ ಹೊರುವ ಬೆನ್ನು ಬದಲಾಗಲಿಲ್ಲ. ಇದನ್ನೇ ಶಾಂತಿ ಅಂತೀರಾ?”

ಅತಿಥಿ ತಲೆದೂಗಿ ಚಪ್ಪಾಳೆ ತಟ್ಟಿದರು. ನಮ್ಮ ಅಧ್ಯಕ್ಷರ ಮುಖ ಮಾತ್ರ ಸುಟ್ಟ ಬದನೆಕಾಯಿ.

“ಸಾರ್, ಗೆಸ್ಟ್ ಮುಂದೆ ಇದೆಲ್ಲ ಬೇಕಿತ್ತಾ? ಒಂದು ಅಪಾಲಜಿ ಮೇಲ್ ಹಾಕ್ಬಿಡಿ.”

“ಎಂತಕ್ಕೆ ಮಾರಾಯ್ರೆ? ಅವರಿಗೇ ಬೇಜಾರಿಲ್ಲ, ನಿಮ್ಮದೆಂಥ ನಡುಕ?”

ಮರುವಾರ ಸಮಿತಿ ಸೇರಿತು. ಸಮೋಸ ತಿಂದು, ಮಾರ್ಟ್‌ಗೇಜ್ ದರದ ಬಗ್ಗೆ ಗೋಳಾಡಿದ ಮೇಲೆ, ಮೇಷ್ಟ್ರನ್ನು ತರಗತಿಯಿಂದ ತೆಗೆಯುವ ಮಾತು ಬಂತು. ಅವರನ್ನು ಕರೆದು ಕೇಳಲೂ ಇಲ್ಲ. ನಮ್ಮ ಕಾರ್ಯಕ್ರಮಗಳಿಗೆ ಕೌನ್ಸಿಲ್‌ನ ಹಾಲ್ ಬೇಕಿತ್ತು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಮುಂದಿನ ಶನಿವಾರ ನಮ್ಮ ಮನೆಯ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು.

“ನೀವೂ ಕೈ ಎತ್ತಿದ್ರಂತೆ.”

“ಹೌದು ಸಾರ್.”

ತುಟಿ ವಾರೆಯಾಯಿತು. “ನಿಮ್ಮ ಹತ್ರ ನನಗೆ ಮಾತಿಲ್ಲ. ನಿಮ್ಮ ಮಗಳನ್ನು ಕರೀರಿ. ಪಾಠ ಅರ್ಧಕ್ಕೆ ನಿಂತಿದೆ.”

ಎರಡು ವರ್ಷ ಪ್ರತಿ ಶನಿವಾರ ಬಂದರು. ನಾನು ಕೊಟ್ಟ ಕಾಫಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಮಗಳು, ಅವರೊಡನೆ ಕನ್ನಡದಲ್ಲಿ ವಾದಕ್ಕೆ ಇಳಿಯುವಷ್ಟಾದಳು.

ಕಳೆದ ಚಳಿಗಾಲದಲ್ಲಿ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು. ಸಂತಾಪ ಸಭೆಯಲ್ಲಿ ಅದೇ ಅಧ್ಯಕ್ಷರು “ನಮ್ಮ ಸಂಘದ ಆಸ್ತಿ” ಎಂದು ಕಣ್ಣೊರೆಸಿಕೊಂಡರು. ಹೇಸಿಗೆಯಾಯಿತು, ಅವರೊಬ್ಬರ ಮೇಲಷ್ಟೇ ಅಲ್ಲ. ಎದ್ದು ಹೋಗಿ ಮೈಕ್ ತೆಗೆದುಕೊಂಡೆ.

“ಇವರನ್ನ ಕ್ಲಾಸಿಂದ ತೆಗೆದಿದ್ದು ನಾವೇ. ಕೈ ಎತ್ತಿದೋರಲ್ಲಿ ನಾನೂ ಒಬ್ಬ.”

ಯಾರೂ ತಲೆ ಎತ್ತಲಿಲ್ಲ. ಮುಂದಿನ ಸಾಲಿನಲ್ಲಿದ್ದ ನನ್ನ ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಕೈ ಎತ್ತಿದ್ದು ಅವಳಿಗೆ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಮೇಷ್ಟ್ರು ಒಮ್ಮೆಯೂ ಹೇಳಿರಲಿಲ್ಲ.